ಗಾರೆ ಹೊಂಡದ ಮೇಲಿನ ಕಣ

ಶಿಕಾರಿಪುರದ ಅಂಚಿನಲ್ಲಿ ಅಪ್ಪ ಕೊಂಡ ಮನೆಯ ಹಿತ್ತಲಿನಲ್ಲಿ ಒಂದು ಈಜುಕೊಳವಿತ್ತು. ಈಗ ಹೇಳಿದರೆ ಆ ಊರಿನವರೇ ನಂಬುವುದಿಲ್ಲ. ನಮಗೆ ಮನೆ ಮಾರಿದವರು ಮರದ ಗುತ್ತಿಗೆದಾರರು. ಮೈಸೂರಿನ ಯಾವುದೋ ಬಂಗಲೆಯ ತೋಟದಲ್ಲಿ ಅಂಥದ್ದನ್ನು ನೋಡಿಬಂದು, ಐದು ಮಾರು ಉದ್ದ, ಮೂರು ಮಾರು ಅಗಲಕ್ಕೆ ಅಗೆಸಿ, ಕಲ್ಲು ಕಟ್ಟಿಸಿ, ಸುಣ್ಣದ ಗಾರೆ ಬಳಿಸಿದ್ದರು. ಒಂದು ತುದಿಯಲ್ಲಿ ನೀರು ಸೊಂಟದ ಮಟ್ಟಕ್ಕಿತ್ತು. ಇನ್ನೊಂದು ತುದಿಯಲ್ಲಿ ಆಳು ಮುಳುಗಿದರೆ ಕಾಣುತ್ತಿರಲಿಲ್ಲ. ಅವರು ಅದರಲ್ಲಿ ಎಷ್ಟು ದಿನ ಈಜಿದರೋ ಗೊತ್ತಿಲ್ಲ. ನಾವು ಬರುವ ಹೊತ್ತಿಗೆ ಅದು ಪಾಚಿ, ಸೊಳ್ಳೆ, ಕಪ್ಪೆಗಳ ಹೊಂಡವಾಗಿತ್ತು. ಓಣಿಯವರು ಗಾರೆ ಹೊಂಡ ಎನ್ನುತ್ತಿದ್ದರು, ನಾವೂ ಹಾಗೆಯೇ ಅಂದೆವು.

ಆ ಹೊಂಡವನ್ನು ನಾವು ಮುಚ್ಚಿದ ರೀತಿಯಿಂದ ನನ್ನ ಅಕ್ಕನ ಗಂಡ ಸಾಯುವುದರಲ್ಲಿದ್ದರು. ಐವತ್ತರ ದಶಕದ ಕೊನೆಯ ಒಂದು ಸುಗ್ಗಿಯಲ್ಲಿ ನಡೆದ ಸಂಗತಿ. ಎಷ್ಟೋ ವರ್ಷಗಳಾದವು. ಆದರೂ ಗಟ್ಟಿ ನೆಲದ ಮೇಲೆ ನಡೆಯುವಾಗ ಒಮ್ಮೊಮ್ಮೆ ನನ್ನ ಹಿಮ್ಮಡಿ ತಾನಾಗಿಯೇ ತಡೆಯುತ್ತದೆ. ಆಗ ಆ ಬೆಳಿಗ್ಗೆಯನ್ನು ಮೊದಲಿನಿಂದ ನೆನೆಯುತ್ತೇನೆ. ಎಲ್ಲಿ ಬಾಯಿ ತೆರೆಯಬೇಕಾಗಿತ್ತು ಎಂದು ಹುಡುಕುತ್ತೇನೆ. ಒಂದು ಕಡೆಯಲ್ಲ, ಮೂರು ನಾಲ್ಕು ಕಡೆ ಸಿಗುತ್ತದೆ.

ಮುಚ್ಚಬೇಕೆಂಬುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ಒಂದು ಕರು ಬಿದ್ದು ಸತ್ತ ಮೇಲೆ ಅಜ್ಜಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿದ್ದಳು. ಅಪ್ಪ ದವಸದ ವ್ಯಾಪಾರಿ. ಹೊಸದಾಗಿ ಗದ್ದೆಯನ್ನೂ ಮಾಡಿಸುತ್ತಿದ್ದರು. ಭತ್ತ ಒಕ್ಕಲು ಅವರಿಗೆ ಸ್ವಂತ ಕಣವಿರಲಿಲ್ಲ. ಹೊಂಡ ಮುಚ್ಚಿದರೆ ಹಿತ್ತಲು ಸಮತಟ್ಟಾಗಿ, ಮನೆಯ ಕಣ್ಣೆದುರಿಗೇ ಕಣ ಆಗುತ್ತದೆ ಎಂಬುದು ಅವರ ಆಸೆ. ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡದಷ್ಟು ಬಿದ್ದಿತ್ತು. ಹೊತ್ತುಕೊಂಡು ಹೋದರೆ ಸಾಕು ಎಂದು ಗಿರಣಿಯವರು ಕಾಯುತ್ತಿದ್ದರು.

ನಾನು ಆಗ ತಾನೇ ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿಕೊಂಡು ಮನೆಯಲ್ಲಿದ್ದೆ. "ನೀರು ಪೂರಾ ತೆಗೆದು ಆಮೇಲೆ ಮುಚ್ಚೋಣ" ಎಂದು ಒಂದು ಸಲ ಹೇಳಿದ್ದು ನೆನಪಿದೆ.

"ಗಂಗವ್ವನ್ನ ಚರಂಡಿಗೆ ಚೆಲ್ತೀಯೇನು?" ಎಂದಳು ಅಜ್ಜಿ. "ಇದ್ದಲ್ಲೇ ಇರ್ಲಿ. ಅರಿಶಿನ ಕುಂಕುಮ ಕೊಟ್ಟು ಮೇಲೆ ಮಣ್ಣು ಹಾಕ್ರಿ."

ಅಷ್ಟಕ್ಕೆ ನಾನು ಸುಮ್ಮನಾದೆ. ಬೇಸಿಗೆಯಲ್ಲಿ ಗಾಡಿಗಟ್ಟಲೆ ಹೊಟ್ಟು ಬಂದು ನೀರಿಗೆ ಬಿತ್ತು. ಮೊದಲು ತೇಲಿತು, ಆಮೇಲೆ ನೀರು ಹೀರಿ ಕುಸಿಯಿತು, ಮತ್ತೆ ಹಾಕಿದರು. ಮಳೆಗಾಲ ಮುಗಿದಾಗ ನಡುವೆ ತಗ್ಗು ಬಿದ್ದಿತ್ತು. ಅದರ ಮೇಲೆ ಉಡುತಡಿ ಕಡೆಯ ಕೆರೆಯಿಂದ ತಂದ ಜಿಗುಟು ಗೋಡುಮಣ್ಣನ್ನು ಮೊಳದಷ್ಟು ದಪ್ಪಕ್ಕೆ ಹರವಿದರು. ಬಿಸಿಲಿಗೆ ಒಣಗಿ ಅದು ಕಲ್ಲಿನ ಹಾಗಾಯಿತು. ಅಪ್ಪ ಅದರ ಮೇಲೆ ನಿಂತು ಎರಡು ಸಲ ಹಿಮ್ಮಡಿ ಕುಟ್ಟಿ, "ಒಂದು ಮಳೆಗಾಲ ಕುಡಿದೈತೆ, ಇನ್ನೇನಾಗ್ಬೇಕು?" ಎಂದರು.

ಕಣ ಮಾಡಿದವನು ನಮ್ಮ ಗದ್ದೆ ನೋಡಿಕೊಳ್ಳುತ್ತಿದ್ದ ಮುದುಕ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನೆಲ ಹೆರೆದು, ನೀರು ಚಿಮುಕಿಸಿ, ದಮ್ಮಸಿನಿಂದ ಬಡಿದು, ಸಗಣಿ ಸಾರಿಸಿದ. ದಮ್ಮಸು ಬೀಳುವಾಗ ಮನೆಯ ಕಡೆ ಮಂದವಾದ ಸದ್ದು ಬರುತ್ತಿತ್ತು. ಬೇಲಿಯ ಕಡೆ, ಅಂದರೆ ಹೊಂಡ ಆಳವಿದ್ದ ತುದಿಯಲ್ಲಿ, ಖಾಲಿ ಪೆಟ್ಟಿಗೆ ಬಡಿದ ಹಾಗೆ ಕೇಳುತ್ತಿತ್ತು.

"ಇದ್ಯಾಕೆ ಹಿಂಗೆ?" ಎಂದು ಕೇಳಿದೆ.

"ಹೊಸ ನೆಲ ಅಲ್ರೀ. ಹೊಸ ಸೊಸೆ ಇದ್ದಂಗೆ, ಸ್ವಲ್ಪ ದಿನ ಸದ್ದು ಮಾಡ್ತೈತೆ" ಎಂದ. ಕೆಲಸದವರು ನಕ್ಕರು. ನಾನೂ ನಕ್ಕೆ.

ಮೇಟಿ ಕಂಬವನ್ನು ಹೊಂಡದ ಪಕ್ಕದ ಹಳೆಯ ನೆಲದಲ್ಲೇ ನೆಟ್ಟರು. ಒಕ್ಕುವಾಗ ಎತ್ತುಗಳು ಸುತ್ತುವುದು ಆ ಕಂಬದ ಸುತ್ತ. ಕೊರಳಿಗೆ ಕೊರಳು ಸೇರಿಸಿ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿ, ಹಗ್ಗದ ಒಳತುದಿಯನ್ನು ಕಂಬಕ್ಕೆ ಹಾಕುತ್ತಾರೆ. ಒಳಗಿನ ಎತ್ತು ನಿಂತಲ್ಲೇ ತಿರುಗಿದ ಹಾಗೆ ತಿರುಗುತ್ತದೆ, ಹೊರಗಿನದು ದೊಡ್ಡ ಸುತ್ತು ಹೊಡೆಯುತ್ತದೆ. ನಮ್ಮ ಕಣದಲ್ಲಿ ಹೊರಗಿನ ಎರಡು ಎತ್ತುಗಳು ಪ್ರತಿ ಸುತ್ತಿನಲ್ಲೂ ಹೊಂಡದ ಮೇಲೆ ಹಾದುಹೋಗಬೇಕಾಗಿತ್ತು.

ಭಾವ ಸೊರಬದ ಕಡೆಯವರು, ಬೇಸಾಯಗಾರರು. ಮಾವನ ಹೊಸ ಕಣ ಎಂದು ತಮ್ಮ ಜೋಡೆತ್ತು ಹೊಡೆದುಕೊಂಡು, ಗಾಡಿಯಲ್ಲಿ ಅಕ್ಕನನ್ನೂ ಕೂರಿಸಿಕೊಂಡು ಬಂದಿದ್ದರು. ಅಕ್ಕನಿಗೆ ಆರು ತಿಂಗಳು ತುಂಬಿತ್ತು. ಬಂದ ದಿನವೇ ಭಾವ ನನ್ನನ್ನು ಹಿಡಿದುಕೊಂಡರು.

"ಏನು ಮಾರಾಯ, ಬಿ.ಎಸ್ಸಿ. ಮಾಡಿದೋರು ಎತ್ತಿನ ಬಾಲ ಹಿಡೀತೀರೇನು?"

"ಕೊಡಿ ಭಾವ, ಹಿಡೀತೀನಿ."

"ಬ್ಯಾಡ. ಇಂಗ್ಲಿಷ್ ತಿಳಿಯೋ ಎತ್ತಲ್ಲ ಅದು. ಕೆಲಸದ ಕಾಗದ ಬರೋತನಕ ನಿನ್ನನ್ನೇ ಮೇಟಿಗೆ ಕಟ್ತೀನಿ, ತಿರುಗ್ತಾ ಇರು."

ಮೊದಲ ದಿನ ಅಪ್ಪನ ಎರಡೇ ಎತ್ತುಗಳಿಂದ ಒಕ್ಕಿದರು. ಅವು ಕಂಬದ ಹತ್ತಿರವೇ ಸುತ್ತಿದವು. ಏನೂ ಆಗಲಿಲ್ಲ. ಎರಡನೆಯ ದಿನಕ್ಕೆ ನಾಲ್ಕನ್ನೂ ಕಟ್ಟುವುದೆಂದಾಯಿತು.

ಆ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲ ಜಗಲಿಯ ಮೇಲೆ ನಿಂತಿದ್ದೆ. ಹಿಂದಿನ ದಿನದ ಹುಲ್ಲು ತೆಗೆದು ಕಣವನ್ನು ಗುಡಿಸಿದ್ದರು. ಎಳೆಬಿಸಿಲು ನೆಲದ ಮೇಲೆ ಓರೆಯಾಗಿ ಬಿದ್ದಿತ್ತು. ಆಗ ಗೆರೆ ಕಂಡಿತು. ಕೂದಲಿನಷ್ಟು ಸಣ್ಣದು. ಬೇಲಿಯ ಬದಿಯಿಂದ ಹೊರಟು, ಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ ಬಂದು, ಒಂದು ಕಡೆ ಸರಿಯಾಗಿ ಮೂಲೆ ತಿರುಗಿ ಹೋಗಿತ್ತು. ಒಣಗಿದ ಸಗಣಿ ಬಿರಿದರೆ ಅಡ್ಡಾದಿಡ್ಡಿ ಬಿರಿಯುತ್ತದೆ. ಮೂಲೆ ತಿರುಗುವುದಿಲ್ಲ. ನಾನು ನೋಡುತ್ತಿದ್ದದ್ದು ಒಳಗಿನ ಗೋಡೆಯ ಅಂಚು. ಮುಚ್ಚಿದ ಹೊಂಡ ತನ್ನ ಅಳತೆಯನ್ನು ತಾನೇ ನೆಲದ ಮೇಲೆ ಬರೆದಿತ್ತು.

ಇದು ನನಗೆ ಆಗಲೇ ಅರ್ಥವಾಯಿತು. ಆಮೇಲೆ ಅರ್ಥವಾಯಿತೆಂದು ಹೇಳಿಕೊಂಡರೆ ಸುಲಭ, ಆದರೆ ಹಾಗಲ್ಲ.

ನೋಡುತ್ತಿದ್ದಂತೆಯೇ ಕೆಲಸದ ಹೆಂಗಸು ಸಗಣಿ ನೀರು ತಂದು ಆ ಗೆರೆಯ ಮೇಲೆಯೇ ಸಾರಿಸಿದಳು. ಗೆರೆ ಹೋಯಿತು. ನಾನು ಬಾಯಿ ತೊಳೆದು ಬರುವಷ್ಟರಲ್ಲಿ ಅದರ ಮೇಲೆ ಭತ್ತದ ಸಿವುಡು ಬಿಚ್ಚಿ ಹರಡಿದ್ದರು.

ಕಣದ ಕಟ್ಟಳೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಒಕ್ಕಣೆ ಶುರುವಾದ ಮೇಲೆ ಕಣ ದೇವರ ಜಾಗ. ಚಪ್ಪಲಿ ಮೆಟ್ಟಿ ಒಳಗೆ ಹೋಗುವಂತಿಲ್ಲ. ಸಾಕು ಅನ್ನುವಂತಿಲ್ಲ, ಹೆಚ್ಚಲಿ ಅನ್ನಬೇಕು. ಭತ್ತ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನದೆ ಲಾಭ ಎನ್ನುತ್ತಾರೆ. ಬಿತ್ತು, ಒಡೆಯಿತು, ಇಲ್ಲ, ಸತ್ತಿತು, ಇಂಥ ಯಾವ ಮಾತೂ ಅಲ್ಲಿ ಬಾಯಿಗೆ ಬರಬಾರದು. ಆಡಿದರೆ ರಾಶಿ ತಗ್ಗುತ್ತದೆ. ಬಸುರಿ ಹೆಂಗಸರೂ ದೂರವೇ ಇರಬೇಕು. ಅದಕ್ಕೇ ಅಕ್ಕ ಬೇಲಿಯ ಆಚೆ ನೆರಳಿನಲ್ಲಿ ಕಲ್ಲಿನ ಮೇಲೆ ಕೂತಿದ್ದಳು.

ಅಜ್ಜಿ ಬೆಳಿಗ್ಗೆಯೇ ನನ್ನನ್ನು ಕರೆದು ಹೇಳಿದ್ದಳು. "ನೀನು ಮೈಸೂರಲ್ಲಿದ್ದು ಬಾಯಿ ಸಡ್ಲ ಮಾಡ್ಕೊಂಡೀಯ. ನಿಮ್ಮಪ್ಪನ ಮೊದಲ ಕಣ ಇದು. ಅಲ್ಲಿ ನಿಂತು ಏನೇನೋ ಅನ್ಬ್ಯಾಡ."

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಹಾಸ್ಟೆಲಿನಲ್ಲಿ ಗೆಳೆಯರ ಎದುರು ಇಂಥದ್ದನ್ನೆಲ್ಲ ಆಡಿಕೊಂಡು ನಕ್ಕವನು ನಾನು. ಆದರೂ ನೆಲ ಬಿರಿದಿದೆ ಎಂದು ಕಣದ ಮಧ್ಯದಲ್ಲಿ ಹೇಳುವುದಕ್ಕೆ ನಾಲಿಗೆ ಏಳಲಿಲ್ಲ. ಅಪ್ಪನನ್ನು ಹೊರಗೆ ಕರೆದು ಹೇಳಿದರಾಯಿತು ಎಂದುಕೊಂಡೆ. ಅಪ್ಪ ಆಚೆ ಬದಿಯಲ್ಲಿ ಮುದುಕನ ಜೊತೆ ಸಿವುಡು ಹರಡಿಸುತ್ತಿದ್ದರು. ಕೈಸನ್ನೆ ಮಾಡಿದೆ. ತಡಿ ಎಂದು ಅವರೂ ಕೈಯಲ್ಲೇ ಹೇಳಿದರು.

ಎತ್ತುಗಳು ಹೊರಟವು. ಕಂಬದ ಬಳಿ ಅಪ್ಪನ ಮುದಿ ಎತ್ತು, ಆಮೇಲೆ ಅದರ ಜೋಡಿ, ಆಮೇಲೆ ಭಾವನ ಎರಡು. ತೀರ ಹೊರಗೆ ಅವರು ಕರುವಿನಿಂದ ಸಾಕಿದ ಬಿಳಿ ಎತ್ತು. ಅದರ ಹಿಂದೆ ಭಾವ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಾರುಕೋಲು. ಒಂದು ಸುತ್ತು. ಎರಡು. ಬೇಲಿಯ ಕಡೆ ಬಂದಾಗ ಬಿಳಿ ಎತ್ತು ಹೆಜ್ಜೆ ತಡೆದು ಮೂಸಿತು. ಭಾವ ಬಾಯಲ್ಲಿ ಸದ್ದು ಮಾಡಿ ಮುಂದೆ ಹೊಡೆದರು. ಮೂರನೆಯ ಸುತ್ತಿನಲ್ಲಿ ಹುಲ್ಲಿನ ಹಾಸು ಅಲ್ಲಿ ಒಂದಿಷ್ಟು ಒಳಗೆ ಹೋಗಿ ಮತ್ತೆ ಮೇಲೆ ಬಂದದ್ದನ್ನು ಕಂಡೆ.

ಇನ್ನು ಅಪ್ಪನಿಗೆ ಕಾಯುವಂತಿರಲಿಲ್ಲ. ನೇರವಾಗಿ ಭಾವನ ಬಳಿ ಹೋಗಿ ಕಿವಿಯಲ್ಲಿ ಹೇಳೋಣ ಎಂದು ಹೊರಟೆ. ಕಣದ ಅಂಚಿಗೆ ಬಂದವನು ನಿಂತು, ಬಗ್ಗಿ, ಚಪ್ಪಲಿ ಕಳಚಿದೆ. ಬಲಗಾಲಿನದು ಬಂತು. ಎಡಗಾಲಿನದರ ಪಟ್ಟಿ ಬೆರಳಿಗೆ ಸಿಕ್ಕಿಕೊಂಡಿತ್ತು. ಬಿಡಿಸುತ್ತಿದ್ದಾಗ, ಹಸಿ ಮರ ಸೀಳಿದಂಥ ಸದ್ದು ಕೇಳಿತು.

ತಲೆ ಎತ್ತಿದಾಗ ಬಿಳಿ ಎತ್ತು ಅಲ್ಲಿರಲಿಲ್ಲ. ಭಾವ ಇರಲಿಲ್ಲ. ನೆಲದಲ್ಲಿ ಹಾಸುಗಲ್ಲಿನಷ್ಟು ದೊಡ್ಡ ಮಣ್ಣಿನ ಹೆಂಟೆಯೊಂದು ಓರೆಯಾಗಿ ನಿಂತಿತ್ತು. ಅದರ ಮೇಲಿಂದ ಭತ್ತದ ಹುಲ್ಲು ಮೆಲ್ಲಗೆ ಒಳಗೆ ಜಾರುತ್ತಿತ್ತು. ಉಳಿದ ಮೂರು ಎತ್ತುಗಳು ಹಗ್ಗಕ್ಕೆ ಸಿಕ್ಕಿ ಕೊರಳು ಬಿಗಿದು, ಮೊಣಕಾಲೂರಿ ಹಿಂದಕ್ಕೆ ಜಗ್ಗುತ್ತಿದ್ದವು. ಕೊಳೆತ ಹೊಟ್ಟಿನ ವಾಸನೆ ಮೂಗಿಗೆ ಹೊಡೆಯಿತು.

ಯಾರೂ ಕೂಗಲಿಲ್ಲ. ಅಪ್ಪ, ಮುದುಕ, ಕೆಲಸದವರು, ನಾನು, ಎಲ್ಲರೂ ನಿಂತಿದ್ದೆವು. ಎಷ್ಟು ಹೊತ್ತೋ ಹೇಳಲಾರೆ. ನಾಲ್ಕು ಉಸಿರಿನಷ್ಟು ಇದ್ದೀತು. ಎಲ್ಲರ ಬಾಯಿಗೂ ಬರಬೇಕಾಗಿದ್ದದ್ದು ಅಲ್ಲಿ ಆಡಬಾರದ ಮಾತೇ ಆಗಿತ್ತು.

ಕೂಗಿದವಳು ಅಕ್ಕ. ಬೇಲಿಯ ಮುಳ್ಳನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು.

"ಹಗ್ಗ ಕೊಯ್ರೋ. ಎತ್ತು ಅವರ ಮೇಲೆ ಬಿದ್ದೈತೆ. ಸತ್ರೆ ಸಾಯ್ಲಿ ಅದು, ಹಗ್ಗ ಕೊಯ್ರಿ."

ಆಗ ಎಲ್ಲರಿಗೂ ಕಾಲು ಬಂತು. ಮುದುಕ ಕುಡುಗೋಲು ತಂದು ಹಗ್ಗಕ್ಕೆ ಹಾಕಿದ. ಮೂರು ಎತ್ತುಗಳು ಒಮ್ಮೆಲೇ ಹಿಂದಕ್ಕೆ ಬಿದ್ದವು. ಒಳಗಿದ್ದ ಬಿಳಿ ಎತ್ತು ಭಾವನ ಮೇಲಿಂದ ಆಳದ ಕಡೆಗೆ ಜಾರಿತು. ನಾನು ಹುಲ್ಲು ಬಣವೆಗೆ ಒರಗಿಸಿದ್ದ ಬಿದಿರೇಣಿಯನ್ನು ಎಳೆದು ತಂದು ಹೊಂಡಕ್ಕೆ ಅಡ್ಡ ಹಾಕಿ, ಹೊಟ್ಟೆಯ ಮೇಲೆ ಮಲಗಿ ತೆವಳಿದೆ. ಏಣಿಯ ಕೆಳಗೆ ಇನ್ನೂ ನಿಂತಿದ್ದ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು. ಆ ಸಣ್ಣ ಸದ್ದು ನನಗೆ ಮಿಕ್ಕೆಲ್ಲ ಗದ್ದಲಕ್ಕಿಂತ ಜೋರಾಗಿ ಕೇಳಿತು.

ಭಾವ ಎದೆಯ ಮಟ್ಟಕ್ಕೆ ಕಪ್ಪು ಹೊಟ್ಟಿನ ಕೆಸರಿನಲ್ಲಿದ್ದರು. ಮುಖದ ಮೇಲೆಲ್ಲ ಹೊಟ್ಟು, ಕಣ್ಣು ಮಾತ್ರ ಬಿಳಿ. ಮಿಸುಕಿದಾಗಲೆಲ್ಲ ಒಂದು ಬೆರಳಿನಷ್ಟು ಕೆಳಗೆ ಹೋಗುತ್ತಿದ್ದರು. ಅವರ ಮಣಿಕಟ್ಟು ನನ್ನ ಕೈಗೆ ಸಿಕ್ಕಿತು. ಜಾರಿತು. ಮತ್ತೆ ಸಿಕ್ಕಿತು.

"ಕೈ ಬಿಡಬ್ಯಾಡ ಮಾರಾಯ" ಎಂದರು ಮೆಲ್ಲಗೆ. "ನಿಮ್ಮಕ್ಕ ಬೈತಾಳೆ."

"ಮಿಸುಕಬೇಡಿ ಭಾವ."

"ಎಡಗಾಲು ಎಲ್ಲೋ ಹೋತು. ಅದೊಂದು ಮಿಸುಕಾದಿಲ್ಲ."

ಏಣಿಯ ಮೇಲಿಂದ ಅವರ ಕಂಕುಳಿಗೆ ಹಗ್ಗ ಹಾಕಿದೆವು. ಆಚೆಯಿಂದ ನಾಲ್ವರು ಜಗ್ಗಿದರು. ಮೇಲೆ ಬಂದಾಗ ಅವರ ಎಡಗಾಲು ಮೊಣಕಾಲಿನ ಕೆಳಗೆ ಬೇರೆ ಕಡೆಗೆ ತಿರುಗಿತ್ತು. ಅಕ್ಕ ಬೇಲಿ ದಾಟಿ ಕಣದೊಳಗೆ ಬಂದಿದ್ದಳು. ಅಜ್ಜಿಯೂ ತಡೆಯಲಿಲ್ಲ. ಬಿಳಿ ಎತ್ತನ್ನು ಬದಿ ಅಗೆದು ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದು ಏಳಲಿಲ್ಲ, ಮಾರನೆಯ ಬೆಳಿಗ್ಗೆ ಸತ್ತಿತು.

ಮೂಳೆ ಕಟ್ಟುವವನು ಬಂದು ಬಿದಿರು ದಬ್ಬೆ ಇಟ್ಟು ಕಟ್ಟಿದ. ಹೆರಿಗೆಗೆ ತವರಿನಲ್ಲೇ ಉಳಿಯಬೇಕಾಗಿದ್ದ ಅಕ್ಕ, ನಾಲ್ಕನೆಯ ದಿನ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಸೊರಬಕ್ಕೆ ಹೊರಟುಬಿಟ್ಟಳು. ಅಪ್ಪ ಬಾಗಿಲಲ್ಲಿ ನಿಂತು, "ಇಲ್ಲೇ ಇರವ್ವ" ಎಂದರು. "ನಮ್ಮೂರಾಗೆ ನೆಲ ಗಟ್ಟಿ ಐತೆ, ಅಪ್ಪ" ಎಂದಳು.

ಹೊಂಡವನ್ನು ಎರಡನೆಯ ಸಲ ಮುಚ್ಚುವ ಕೆಲಸವನ್ನು ನಾನೇ ವಹಿಸಿಕೊಂಡೆ. ಯಾರೂ ಹೇಳಿರಲಿಲ್ಲ. ಉಳಿದಿದ್ದ ಮಣ್ಣಿನ ಮುಚ್ಚಳವನ್ನು ದೂರದಿಂದ ಹಾರೆಯಲ್ಲಿ ಮೀಟಿ ಬೀಳಿಸಿದೆವು. ಆಗ ಕೆಳಗಿನದು ಕಂಡಿತು. ಆಳದ ತುದಿಯಲ್ಲಿ ಗಾರೆ ಸೀಳಿ ನೀರು ಇಂಗಿತ್ತು. ಹೊಟ್ಟು ಅದರೊಂದಿಗೆ ಇಳಿದಿತ್ತು. ಮೇಲಿನ ಗೋಡುಮಣ್ಣು ಮಾತ್ರ ಗೋಡೆಯಿಂದ ಗೋಡೆಗೆ ಹಾಗೇ ನಿಂತಿತ್ತು. ನಡುವೆ ಎರಡು ಮೊಳ ಬರಿದೇ ಗಾಳಿ. ಅಲ್ಲಿ ಒಂದು ಕಪ್ಪೆ ಕೂತಿತ್ತು. ಅದೇ ಮುಚ್ಚಳದ ಮೇಲೆ ಅಪ್ಪ ನಿಂತು ಹಿಮ್ಮಡಿ ಕುಟ್ಟಿದ್ದರು. ಕೆಲಸದ ಹೆಂಗಸು ಮಂಡಿಯೂರಿ ಸಾರಿಸಿದ್ದಳು. ಬಂದ ದಿನ ಅಕ್ಕ ಅದರ ಮೇಲೆ ನಡೆದುಕೊಂಡೇ ಬೇಲಿಯ ಕಡೆ ಹೋಗಿದ್ದಳು. ಆ ರಾತ್ರಿಯಿಂದ ನನ್ನ ಕಣ್ಣೆದುರು ಬಿಳಿ ಎತ್ತಿನ ಜಾಗದಲ್ಲಿ ಅವಳೇ ಬರತೊಡಗಿದಳು.

ಹೊಟ್ಟನ್ನೆಲ್ಲ ಬುಟ್ಟಿಯಲ್ಲಿ ಹೊರಗೆ ಹೊರಿಸಿದೆ. ಮುಂದೆ ನೀರು ನಿಲ್ಲದ ಹಾಗೆ ತಳದ ಗಾರೆಗೆ ಹಾರೆಯಿಂದ ಅಲ್ಲಲ್ಲಿ ತೂತು ಹೊಡೆಸಿದೆ. ಗೋಡೆಯ ಮೇಲ್ಭಾಗವನ್ನು ಕೆಡವಿ ಆ ಕಲ್ಲನ್ನೇ ಒಳಗೆ ಹಾಕಿಸಿದೆ. ಮೇಲೆ ಗರಸು ಮಣ್ಣು, ಒಂದು ಸಲಕ್ಕೆ ಒಂದೇ ಗೇಣು. ನೀರು ಹೊಯ್ದು, ದಮ್ಮಸು ಹಾಕಿಸಿ, ಒಣಗಿದ ಮೇಲೆ ಮತ್ತೊಂದು ಗೇಣು. ಪ್ರತಿ ಪದರಕ್ಕೂ ನಾನೇ ಇಳಿದು ಹಾರೆ ಚುಚ್ಚಿ ನೋಡುತ್ತಿದ್ದೆ. ಕೆಲಸದವರು ಬೇಸತ್ತರು. "ಇನ್ನೆಷ್ಟು ಚುಚ್ತೀರ್ರೀ, ಅದಕ್ಕೂ ನೋವಾಗ್ತೈತೆ" ಎಂದ ಒಬ್ಬ. ಮುದುಕ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಕೆಲಸ ಮುಗಿಯಲು ತಿಂಗಳು ಹಿಡಿಯಿತು. ಅಲ್ಲಿ ಮತ್ತೆ ಕಣ ಮಾಡುವ ಮಾತನ್ನು ಅಪ್ಪ ಎತ್ತಲಿಲ್ಲ.

ಮುಗಿದ ವಾರದಲ್ಲೇ ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಹೊಂಡ ಮುಚ್ಚಿತೆಂದು ಹೇಳಿಬರುವುದು ನೆಪ. ಹೇಳಬೇಕಾಗಿದ್ದದ್ದು ಬೇರೆ. ಅಲ್ಲಿಂದ ಭಾವನ ಹಳ್ಳಿಗೆ ಎರಡು ಮೈಲಿ ನಡೆಯಬೇಕು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಳ್ಳುತ್ತ ಹೋದೆ.

ಭಾವ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಗ್ಗ ಹೊಸೆಯುತ್ತಿದ್ದರು. "ಓಹೋ, ಬಾ. ಕೆಲಸದ ಕಾಗದ ಬಂತೇನು?" ಎಂದರು.

"ಇಲ್ಲ ಭಾವ."

"ಹಂಗಾರೆ ಕೂತ್ಕೋ, ಈ ತುದಿ ಹಿಡ್ಕೋ. ಸುಮ್ಮನೆ ಕೂತು ತಿನ್ನೋರಿಗೆ ಇಲ್ಲಿ ಊಟ ಇಲ್ಲ."

ತುದಿ ಹಿಡಿದುಕೊಂಡೆ. ಅವರು ಹೊಸೆಯುತ್ತಿದ್ದರು. ಕಣ್ಣು ಹಗ್ಗದ ಮೇಲೇ ಇಟ್ಟು ಹೇಳಿದೆ. ಆ ಬೆಳಿಗ್ಗೆ ಜಗಲಿಯಿಂದ ಗೆರೆ ಕಂಡೆ. ಏನೆಂದು ಗೊತ್ತಾಗಿತ್ತು. ಸಾರಿಸುವ ಮೊದಲೇ ಕೂಗಬಹುದಿತ್ತು, ಎತ್ತು ಕಟ್ಟುವ ಮೊದಲೂ ಕೂಗಬಹುದಿತ್ತು, ಕೂಗಲಿಲ್ಲ. ಇಷ್ಟನ್ನೇ ಹೇಳಿದೆ. ಕಾರಣ ಹೇಳಲು ನಾಚಿಕೆಯಾಯಿತು.

ಭಾವನ ಕೈ ನಿಂತಿತು.

"ನನ್ನ ಕಾಲಿಗೆ ಗೊತ್ತಾಗಿತ್ತು ಮಾರಾಯ" ಎಂದರು. "ಮೊದಲನೇ ಸುತ್ತಿಗೇ. ಆ ಜಾಗಕ್ಕೆ ಬಂದಾಗ ನೆಲ ತೊಟ್ಟಿಲು ತೂಗಿದಂಗೆ ಆಗ್ತಿತ್ತು. ಬಿಳಿಯನಿಗೂ ತಿಳೀತು, ಮೂಸಿ ನಿಂತ. ನಾನೇ ಹೊಡೆದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೆಣ್ಣು ಕೊಟ್ಟ ಮಾವನ ಕಣ. ಅಳಿಯ ಆಗಿ ಹೋದೋನು, ನಾಲ್ಕು ಜನರ ಮುಂದೆ ನಿಮ್ಮ ನೆಲ ಸರಿ ಇಲ್ಲ ಅಂತ ಹೆಂಗೆ ಅನ್ನಾದು? ಈ ಸುತ್ತು ಮುಗೀಲಿ, ಎತ್ತು ಬಿಡೋ ಹೊತ್ತಿಗೆ ಮೆಲ್ಲಗೆ ಹೇಳಾಣ ಅಂತಿದ್ದೆ."

ನನಗೆ ಹಗುರವಾಗಬೇಕಾಗಿತ್ತು. ಆಗಲಿಲ್ಲ. ಮುಖ ತಿರುಗಿಸಿಕೊಂಡು ಕೆಲಸ ಮಾಡಿದ ಮುದುಕ ನೆನಪಾದ. ತಡಿ ಎಂದು ಕೈ ತೋರಿಸಿದ ಅಪ್ಪ ನೆನಪಾದರು. ಯಾರ್‍ಯಾರ ಕಾಲಿಗೆ, ಯಾರ್‍ಯಾರ ಕಣ್ಣಿಗೆ ಅದು ತಿಳಿದಿತ್ತೋ. ಅಪ್ಪನನ್ನು ಕೇಳಬೇಕು ಎನ್ನಿಸಿತು. ಅವರು ಇರುವವರೆಗೂ ಕೇಳಲಾಗಲಿಲ್ಲ.

ಒಳಗಿನಿಂದ ಅಕ್ಕ ಮಜ್ಜಿಗೆಯ ತಂಬಿಗೆ ಹಿಡಿದು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ ನಾವಿಬ್ಬರೂ ನೋಡಿರಲಿಲ್ಲ. ಹೊಟ್ಟೆ ದೊಡ್ಡದಾಗಿತ್ತು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರೆ ಇಬ್ಬರಿಗೂ ಗೊತ್ತಿತ್ತು" ಎಂದಳು. ದನಿ ಏರಿರಲಿಲ್ಲ. "ಏನೂ ಗೊತ್ತಿಲ್ದೆ ನೋಡ್ತಾ ಕೂತಿದ್ದೋಳು ನಾನೊಬ್ಬಳೇ."

ತಂಬಿಗೆಯನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟು ಒಳಗೆ ಹೋದಳು. ಭಾವ ಅವಳ ಹಿಂದೆ ಏಳಲು ನೋಡಿದರು, ಕಾಲು ಬಿಡಲಿಲ್ಲ. ಅವರ ತೋಳಿಗೆ ಕೈ ಕೊಟ್ಟು ಎಬ್ಬಿಸಿದೆ. ಗೋಡೆ ಹಿಡಿದುಕೊಂಡು, ದಬ್ಬೆ ಕಟ್ಟಿದ ಕಾಲನ್ನು ಎಳೆಯುತ್ತ ಒಳಗೆ ಹೋದರು. ಅರ್ಧ ಹೊಸೆದ ಹಗ್ಗ ಬಿಚ್ಚಿಹೋಗದಿರಲೆಂದು ನಾನು ಅದರ ತುದಿ ಹಿಡಿದುಕೊಂಡೇ ಜಗಲಿಯ ಮೇಲೆ ಕೂತಿದ್ದೆ.